ಅಮೆರಿಕದ ರಾಜ್ಯಾಂಗದಲ್ಲಿ ವ್ಯಕ್ತಿಯ ಹಕ್ಕುಗಳ ವಿಕಾಸ

೧

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಒಂದು ಭಾವನೆ ನೆಲೆಸಿರುತ್ತದೆ. ೧೭೮೭ರಲ್ಲಿ ರಾಜ್ಯಾಂಗ ರಚಿತವಾಯಿತು. ೧೭೯೧ರಲ್ಲಿ ಹತ್ತು ತಿದ್ದುಪಡಿಗಳು ಅದಕ್ಕೆ ಸೇರಿದವು. ‘ಬಿಲ್ ಆಫ್ ರೈಟ್ಸ್’ ಎಂದು ಪ್ರಸಿದ್ಧವಾದ ಈ ಹಕ್ಕುಗಳ ಸನ್ನದಿನಿಂದ ಅಲ್ಲಿನ ಜನರಿಗೆ ವಾಕ್‌ಸ್ವಾತಂತ್ರ್ಯ, ಮತಸ್ವಾತಂತ್ರ್ಯ, ನ್ಯಾಯವಾದ ವಿಚಾರಣೆ ಮೊದಲಾದುವು ದೊರೆತವು. ಇಷ್ಟಕ್ಕೆ ಪರೀಕ್ಷೆಯ ಉತ್ತರ ಮುಗಿಯುತ್ತದೆ. ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ನಿಜದ ಬಹುಭಾಗ ಬಿಟ್ಟುಹೋಗಿದೆ. ಆ ಸನ್ನದು ಜಾರಿಗೆ ಬಂದು ನೂರು ವರ್ಷಗಳು ಕಳೆದ ಮೇಲೂ ಅಮೆರಿಕದ ಒಂದು ರಾಜ್ಯಸರ್ಕಾರ ಪತ್ರಿಕೆಯೊಂದನ್ನು ಮುಚ್ಚಿಸಿದರೆ, ಅಥವಾ ಬಡವನೊಬ್ಬನನ್ನು ವಕೀಲನ ನೆರವಿಲ್ಲದೆ ವಿಚಾರಿಸಿ ಸೆರೆಗೆ ನೂಕಿದರೆ, ಅದನ್ನು ಪ್ರಶ್ನಿಸಲು ಈ ಹತ್ತು ತಿದ್ದುಪಡಿಗಳಿಂದ ಯಾವ ಪ್ರಯೋಜನವೂ ಆಗುತ್ತಿರಲಿಲ್ಲ.

ಹಕ್ಕು ಎಂಬುದು ಯಾವಾಗಲೂ ಯಾರೋ ಒಬ್ಬರ ವಿರುದ್ಧವಾಗಿ ನಿಲ್ಲುವ ವಸ್ತು. ಆದ್ದರಿಂದ ‘ಯಾವ ಹಕ್ಕು?’ ಎಂಬ ಪ್ರಶ್ನೆಯ ಜೊತೆಗೆ ‘ಯಾರ ವಿರುದ್ಧ?’ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಅಮೆರಿಕದಲ್ಲಿ ವ್ಯಕ್ತಿಯ ಹಕ್ಕುಗಳು ಬೆಳೆದ ಬಗೆಯನ್ನು ಈ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

೨

ಫಿಲಡೆಲ್ಫಿಯದಲ್ಲಿ ಸಿದ್ಧವಾದ ಮೂಲ ರಾಜ್ಯಾಂಗದಲ್ಲಿ ಹಕ್ಕುಗಳ ಪ್ರತ್ಯೇಕ ಪಟ್ಟಿ ಇರಲಿಲ್ಲ. ವರ್ಜೀನಿಯದ ಪ್ರತಿನಿಧಿ ಜಾರ್ಜ್ ಮೇಸನ್ ಸಹಿ ಹಾಕಲು ನಿರಾಕರಿಸಿದ್ದಕ್ಕೆ ಇದೂ ಒಂದು ಕಾರಣ. ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನಾದರೋ ಅಂಥ ಪಟ್ಟಿ ಅನಾವಶ್ಯಕವೆಂದೂ ಅಪಾಯಕರವೆಂದೂ ವಾದಿಸಿದನು. ಕೊಡದೆ ಇರುವ ಅಧಿಕಾರವನ್ನು ಚಲಾಯಿಸಬಾರದೆಂದು ನಿಷೇಧಿಸುವುದೇಕೆ ಎಂಬುದು ಅವನ ತರ್ಕ. ಜನಾಭಿಪ್ರಾಯ ಮಾತ್ರ ಮೇಸನ್ನನ ಕಡೆಗಿತ್ತು. ಕೊನೆಗೆ ಜೇಮ್ಸ್ ಮ್ಯಾಡಿಸನ್ ೧೭೮೯ರ ಜೂನ್ ೮ರಂದು ಪ್ರತಿನಿಧಿ ಸಭೆಯಲ್ಲಿ ತಿದ್ದುಪಡಿಗಳನ್ನು ಮಂಡಿಸಿದನು. ಅವುಗಳಲ್ಲಿ ಒಂದು ಸೂಚನೆ ನಮ್ಮ ವಿಷಯಕ್ಕೆ ಬಹು ಮುಖ್ಯವಾದದ್ದು. ಯಾವ ರಾಜ್ಯವೂ ಅಂತಃಕರಣದ ಸ್ವಾತಂತ್ರ್ಯವನ್ನಾಗಲಿ ಮುದ್ರಣಸ್ವಾತಂತ್ರ್ಯವನ್ನಾಗಲಿ ಅಪರಾಧ ಪ್ರಕರಣಗಳಲ್ಲಿ ಜ್ಯೂರಿಯ ವಿಚಾರಣೆಯನ್ನಾಗಲಿ ಉಲ್ಲಂಘಿಸಕೂಡದು ಎಂಬುದೇ ಆ ಸೂಚನೆ. ತನ್ನ ಸೂಚನೆಗಳಲ್ಲೆಲ್ಲ ಇದೇ ಹೆಚ್ಚು ಬೆಲೆಯುಳ್ಳದ್ದೆಂದು ಮ್ಯಾಡಿಸನ್ ಭಾವಿಸಿದ್ದನು. ಪ್ರತಿನಿಧಿ ಸಭೆ ಒಪ್ಪಿತು. ಸೆನೆಟ್ ಸಭೆ ಅದನ್ನು ಹೊಡೆದುಹಾಕಿತು. ಉಳಿದವುಗಳಲ್ಲಿ ಹತ್ತು ತಿದ್ದುಪಡಿಗಳು ೧೭೯೧ರ ಡಿಸೆಂಬರ್ ೧೫ರಂದು ರಾಜ್ಯಾಂಗದ ಅಂಗವಾದವು. ಅಂದು ತೆಗೆದುಹಾಕಿದ ಆ ಒಂದು ವಾಕ್ಯವನ್ನು ಮತ್ತೆ ಗಳಿಸಿಕೊಳ್ಳಲು ಆ ದೇಶಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅದರ ಪರಿಣಾಮ ಏನೆಂಬುದನ್ನು ೧೮೩೩ರ ಬ್ಯಾರನ್ ಮೊಕದ್ದಮೆ ಸ್ಪಷ್ಟಪಡಿಸುತ್ತದೆ. ಬಾಲ್ಟಿಮೋರ್ ನಗರದ ಬಂದರಿನಲ್ಲಿ ಜಾನ್ ಬ್ಯಾರನ್ ಎಂಬುವನು ಒಂದು ಹಡಗುಕಟ್ಟೆಯ ಒಡೆಯನಾಗಿದ್ದನು. ನಗರಸಭೆಯವರು ಬೀದಿಗಳನ್ನು ಕಟ್ಟುವಾಗ ತೊರೆಗಳ ದಿಕ್ಕನ್ನು ಬದಲಿಸಿದರು. ಮಣ್ಣು ಮರಳು ಕೊಚ್ಚಿಬಂದು ಕಟ್ಟೆಯ ಬಳಿ ತುಂಬಿಕೊಂಡು ನೀರಿನ ಆಳ ತಗ್ಗಿತು. ಹಡಗುಗಳು ಹತ್ತಿರ ಬರಲಾರದೆ ಕಟ್ಟೆ ನಿಷ್ಪ್ರಯೋಜಕವಾಯಿತು. ಸಾರ್ವಜನಿಕ ಉಪಯೋಗಕ್ಕಾಗಿ ಖಾಸಗಿ ಸ್ವತ್ತನ್ನು ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕೆಂದು ಐದನೆಯ ತಿದ್ದುಪಡಿ ಹೇಳುತ್ತದೆಯಲ್ಲವೆ? ಕೆಳಗಿನ ನ್ಯಾಯಾಲಯ ೪,೫೦೦ ಡಾಲರ್ ಪರಿಹಾರವನ್ನು ವಿಧಿಸಿತು. ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಕೊಟ್ಟ ಉತ್ತರ ಸರಳವಾಗಿತ್ತು: ಈ ತಿದ್ದುಪಡಿಗಳು ಕಟ್ಟಿಹಾಕಿರುವುದು ಸಂಯುಕ್ತ ಸರ್ಕಾರವನ್ನು, ರಾಜ್ಯಗಳನ್ನಾಗಲಿ ಅವುಗಳ ನಗರಸಭೆಗಳನ್ನಾಗಲಿ ಅಲ್ಲ. ಬ್ಯಾರನ್ ಬರಿಗೈಯಲ್ಲಿ ಹಿಂದಿರುಗಿದನು.

ಆ ಕಾಲದಲ್ಲಿ ಸಾಮಾನ್ಯ ಮನುಷ್ಯನ ಬಾಳನ್ನು ಮುಟ್ಟುತ್ತಿದ್ದ ಕಾನೂನುಗಳಲ್ಲಿ ಹೆಚ್ಚಿನವು ರಾಜ್ಯಗಳವೇ ಎಂಬುದನ್ನು ನೆನೆದರೆ ಈ ತೀರ್ಪಿನ ತೂಕ ತಿಳಿಯುತ್ತದೆ. ಪೊಲೀಸರು, ಸೆರೆಮನೆ, ಶಾಲೆ, ವಿವಾಹ, ಆಸ್ತಿ ಎಲ್ಲವೂ ರಾಜ್ಯಗಳ ಕೈಯಲ್ಲಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಗುಲಾಮಗಿರಿಯೂ ರಾಜ್ಯಗಳ ಕಾನೂನಿನ ಆಶ್ರಯದಲ್ಲಿಯೇ ಇತ್ತು. ೧೮೫೭ರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಟಾನಿ, ಆಫ್ರಿಕ ಮೂಲದ ಜನರು ಸಂಯುಕ್ತ ಸಂಸ್ಥಾನಗಳ ಪೌರರೇ ಆಗಲಾರರೆಂದು ತೀರ್ಪಿತ್ತನು. ಅಷ್ಟೇ ಅಲ್ಲ, ಐದನೆಯ ತಿದ್ದುಪಡಿಯ ರಕ್ಷಣೆಯನ್ನು ಗುಲಾಮನಿಗೆ ಕೊಡುವ ಬದಲು ಅವನ ಒಡೆಯನ ‘ಸ್ವತ್ತಿಗೆ’ ಕೊಟ್ಟನು. ಹಕ್ಕಿನ ಮಾತುಗಳು ಎಷ್ಟೇ ಉದಾತ್ತವಾಗಿದ್ದರೂ ಅವು ಯಾರಿಗೆ ಸಲ್ಲುತ್ತವೆಂಬುದು ನಿರ್ಧಾರವಾಗದ ಹೊರತು ಅವುಗಳಿಂದ ಅನ್ಯಾಯವನ್ನೂ ಪೋಷಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೩

ಅಂತರ್ಯುದ್ಧವು ಈ ಸ್ಥಿತಿಯನ್ನು ಬುಡಮೇಲು ಮಾಡಿತು. ೧೮೬೫ರಲ್ಲಿ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಮಾಡಿತು. ೧೮೭೦ರಲ್ಲಿ ಹದಿನೈದನೆಯದು ಜನಾಂಗದ ಕಾರಣದಿಂದ ಮತದಾನವನ್ನು ನಿರಾಕರಿಸಬಾರದೆಂದಿತು. ಇವುಗಳ ನಡುವೆ ೧೮೬೮ರಲ್ಲಿ ಬಂದ ಹದಿನಾಲ್ಕನೆಯ ತಿದ್ದುಪಡಿಯನ್ನು ಎರಡನೆಯ ರಾಜ್ಯಾಂಗವೆಂದು ಕರೆದರೂ ತಪ್ಪಾಗದು. ದೇಶದಲ್ಲಿ ಹುಟ್ಟಿ ಅದರ ಅಧಿಕಾರಕ್ಕೊಳಪಟ್ಟವರೆಲ್ಲರೂ ಪೌರರೆಂದು ಅದು ಸಾರಿತು. ಅನಂತರ ರಾಜ್ಯಗಳನ್ನು ಹೆಸರಿಟ್ಟು ಕಟ್ಟಿಹಾಕಿತು. ಯಾವ ರಾಜ್ಯವೂ ಪೌರರ ವಿಶೇಷಾಧಿಕಾರಗಳನ್ನು ಮೊಟಕುಮಾಡಕೂಡದು. ಯುಕ್ತ ನ್ಯಾಯಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಕಸಿಯಕೂಡದು. ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಕೂಡದು. ‘ಡ್ಯೂ ಪ್ರಾಸೆಸ್’ ಎಂದು ಹೆಸರಾದ ಯುಕ್ತ ನ್ಯಾಯಕ್ರಮದ ತತ್ತ್ವ ಹೀಗೆ ರಾಜ್ಯಗಳ ಬಾಗಿಲಿಗೆ ಬಂದಿತು. ತಿದ್ದುಪಡಿಯ ಮುಖ್ಯ ಕರ್ತೃವಾದ ಓಹಾಯೋದ ಜಾನ್ ಬಿಂಗ್‌ಹ್ಯಾಮ್, ಬ್ಯಾರನ್ ತೀರ್ಪಿನಿಂದಾದ ಕೊರತೆಯನ್ನು ತುಂಬುವುದೇ ತನ್ನ ಉದ್ದೇಶವೆಂದು ಪ್ರತಿನಿಧಿ ಸಭೆಯಲ್ಲಿ ಹೇಳಿದ್ದನು.

ಶಾಸನಕರ್ತರು ತೆರೆದ ಬಾಗಿಲನ್ನು ನ್ಯಾಯಾಧೀಶರು ಬೇಗನೆ ಮುಚ್ಚಿದರು. ೧೮೭೩ರಲ್ಲಿ ನ್ಯೂ ಆರ್ಲಿಯನ್ಸಿನ ಕಸಾಯಿಗಳು, ಒಂದೇ ಕಂಪೆನಿಗೆ ಕಸಾಯಿಖಾನೆಯ ಏಕಸ್ವಾಮ್ಯ ಕೊಟ್ಟ ಲೂಯಿಸಿಯಾನ ಶಾಸನವನ್ನು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ಒಂದು ಸೂಕ್ಷ್ಮ ಭೇದವನ್ನು ಕಲ್ಪಿಸಿತು. ರಾಜ್ಯದ ಪೌರತ್ವ ಬೇರೆ, ರಾಷ್ಟ್ರದ ಪೌರತ್ವ ಬೇರೆ. ಹೊಸ ತಿದ್ದುಪಡಿ ಕಾಯುವುದು ಎರಡನೆಯದಕ್ಕೆ ಸೇರಿದ ಕೆಲವೇ ವಿಶೇಷಾಧಿಕಾರಗಳನ್ನು ಮಾತ್ರ. ಮೂರು ವರ್ಷಗಳ ಬಳಿಕ ಕ್ರೂಕ್‌ಶ್ಯಾಂಕ್ ಮೊಕದ್ದಮೆ ಬಂದಿತು. ೧೮೭೩ರಲ್ಲಿ ಲೂಯಿಸಿಯಾನದ ಕೋಲ್‌ಫ್ಯಾಕ್ಸ್ ಎಂಬಲ್ಲಿ ಶಸ್ತ್ರಧಾರಿಗಳಾದ ಬಿಳಿಯರು ಅನೇಕ ಕರಿಯರನ್ನು ಕೊಂದುಹಾಕಿದ್ದರು. ಸಂಯುಕ್ತ ಸರ್ಕಾರದ ಕಾಯಿದೆಯಂತೆ ಆದ ಶಿಕ್ಷೆಗಳನ್ನು ನ್ಯಾಯಾಲಯ ತಳ್ಳಿಹಾಕಿತು: ತಿದ್ದುಪಡಿ ನಿರ್ಬಂಧಿಸುವುದು ರಾಜ್ಯವನ್ನು, ಖಾಸಗಿ ಮನುಷ್ಯರನ್ನಲ್ಲ. ‘ಯಾರ ವಿರುದ್ಧ?’ ಎಂಬ ಪ್ರಶ್ನೆ ಇಲ್ಲಿ ಶವಗಳ ಮುಂದೆ ನಿಂತು ಕೇಳಿದಂತಿತ್ತು. ಉತ್ತರ ಮಾತ್ರ ವ್ಯಾಕರಣದ್ದಾಗಿತ್ತು. ೧೮೮೩ರಲ್ಲಿ ಇದೇ ತತ್ತ್ವದ ಮೇಲೆ, ಹೋಟೆಲು ನಾಟಕಶಾಲೆಗಳಲ್ಲಿ ಭೇದಭಾವವನ್ನು ನಿಷೇಧಿಸಿದ ಕಾಯಿದೆ ಬಿದ್ದುಹೋಯಿತು. ೧೮೯೬ರ ಪ್ಲೆಸ್ಸಿ ತೀರ್ಪು ರೈಲುಗಾಡಿಗಳಲ್ಲಿ ಬಣ್ಣಕ್ಕೊಂದು ಡಬ್ಬಿಯನ್ನು ‘ಪ್ರತ್ಯೇಕ, ಆದರೆ ಸಮಾನ’ ಎಂಬ ಸೂತ್ರದಿಂದ ಸಮರ್ಥಿಸಿತು. ನ್ಯಾಯಾಧೀಶ ಹಾರ್ಲನ್ ಒಬ್ಬನೇ ಭಿನ್ನಮತವನ್ನು ಬರೆದಿಟ್ಟನು.

೪

ಕರಿಯರಿಗೆ ಮುಚ್ಚಿದ್ದ ಬಾಗಿಲು ಸ್ವತ್ತಿಗೆ ತೆರೆಯಿತು. ೧೮೯೭ರಲ್ಲಿ ಷಿಕಾಗೋ ನಗರ ಒಂದು ರೈಲ್ವೆ ಕಂಪೆನಿಯ ಹಳಿಗಳ ಮೇಲೆ ಬೀದಿಯನ್ನು ಹಾಯಿಸಿದಾಗ, ನ್ಯಾಯವಾದ ಪರಿಹಾರವಿಲ್ಲದೆ ಸ್ವತ್ತನ್ನು ತೆಗೆದುಕೊಳ್ಳುವುದು ರಾಜ್ಯಗಳಿಗೂ ನಿಷಿದ್ಧವೆಂದು ನ್ಯಾಯಾಲಯ ಒಪ್ಪಿತು. ಬ್ಯಾರನ್ನನಿಗೆ ನಿರಾಕರಿಸಿದ ತತ್ತ್ವ ಅರವತ್ತನಾಲ್ಕು ವರ್ಷಗಳ ಮೇಲೆ ರೈಲ್ವೆ ಕಂಪೆನಿಗೆ ದಕ್ಕಿತು. ಆ ಪ್ರಕರಣದಲ್ಲಿ ಜ್ಯೂರಿ ನಿರ್ಧರಿಸಿದ್ದ ಪರಿಹಾರ ಒಂದು ಡಾಲರ್. ನ್ಯಾಯಾಲಯ ಅದನ್ನೂ ಎತ್ತಿಹಿಡಿಯಿತು. ೧೯೦೫ರ ಲಾಕ್ನರ್ ತೀರ್ಪಿನಲ್ಲಿ ಈ ಪ್ರವೃತ್ತಿ ಶಿಖರವನ್ನು ಮುಟ್ಟಿತು. ಬೇಕರಿಯ ಕೆಲಸಗಾರರನ್ನು ದಿನಕ್ಕೆ ಹತ್ತು, ವಾರಕ್ಕೆ ಅರವತ್ತು ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕ್ ರಾಜ್ಯದ ಕಾಯಿದೆಯನ್ನು, ಕರಾರಿನ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹೇಳಿ ನ್ಯಾಯಾಲಯ ರದ್ದುಮಾಡಿತು. ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ೧೯೩೭ರಲ್ಲಿ, ಕನಿಷ್ಠ ವೇತನದ ಕಾಯಿದೆಯೊಂದನ್ನು ಎತ್ತಿಹಿಡಿಯುವ ಮೂಲಕ ನ್ಯಾಯಾಲಯ ಈ ಹಾದಿಯನ್ನು ಬಿಟ್ಟಿತು.

ಅಷ್ಟರಲ್ಲಿ ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಮುಂದೆ ಬಂದಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಭರ್ತಿಯನ್ನು ವಿರೋಧಿಸಿ ಕರಪತ್ರ ಹಂಚಿದವರ ಸೆರೆವಾಸವನ್ನು ೧೯೧೯ರಲ್ಲಿ ನ್ಯಾಯಾಲಯ ಒಮ್ಮತದಿಂದ ಎತ್ತಿಹಿಡಿಯಿತು. ಆ ತೀರ್ಪನ್ನು ಬರೆದ ನ್ಯಾಯಾಧೀಶ ಹೋಮ್ಸನೇ ಅದೇ ವರ್ಷ ಏಬ್ರಮ್ಸ್ ಮೊಕದ್ದಮೆಯಲ್ಲಿ ಭಿನ್ನಮತ ಬರೆದು, ನಾವು ದ್ವೇಷಿಸುವ ಅಭಿಪ್ರಾಯಕ್ಕೂ ರಕ್ಷಣೆ ಇರಬೇಕೆಂದು ಪ್ರತಿಪಾದಿಸಿದನು. ೧೯೨೫ರಲ್ಲಿ ಬೆಂಜಮಿನ್ ಗಿಟ್ಲೋ ಎಂಬ ಎಡಪಂಥೀಯನು ಪ್ರಕಟಿಸಿದ ಪ್ರಣಾಳಿಕೆಗಾಗಿ ಆದ ಶಿಕ್ಷೆಯ ಮೇಲೆ ಅಪೀಲು ಬಂದಿತು. ಅವನು ಸೋತನು, ಆದರೆ ವಾಕ್‌ಸ್ವಾತಂತ್ರ್ಯ ಮುದ್ರಣಸ್ವಾತಂತ್ರ್ಯಗಳು ಹದಿನಾಲ್ಕನೆಯ ತಿದ್ದುಪಡಿಯ ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಅಡಕವಾಗಿವೆ, ಆದ್ದರಿಂದ ರಾಜ್ಯಗಳ ವಿರುದ್ಧವೂ ಸಲ್ಲುತ್ತವೆ ಎಂಬ ಮಾತನ್ನು ತೀರ್ಪು ಊಹೆಯ ರೂಪದಲ್ಲಿ ಅಂಗೀಕರಿಸಿತು. ವಿದ್ವಾಂಸರು ಇದನ್ನು ಹಕ್ಕುಗಳ ಅಂತರ್ಭಾವವೆಂದು ಕರೆಯುತ್ತಾರೆ. ಊಹೆ ಬೇಗನೆ ಸಿದ್ಧಾಂತವಾಯಿತು. ೧೯೩೧ರಲ್ಲಿ ಮಿನ್ನೆಸೋಟದ ಒಂದು ಪತ್ರಿಕೆಯನ್ನು ಮುಚ್ಚಿಸಿದ ಕಾಯಿದೆಯನ್ನು ನ್ಯಾಯಾಲಯ ರದ್ದುಮಾಡಿತು.

ಮತಸ್ವಾತಂತ್ರ್ಯದ ವಿಷಯದಲ್ಲಿ ನಡೆದದ್ದು ಇನ್ನೂ ಕುತೂಹಲಕರವಾದದ್ದು. ಯೆಹೋವನ ಸಾಕ್ಷಿಗಳೆಂಬ ಪಂಥದ ಮಕ್ಕಳು ಶಾಲೆಯಲ್ಲಿ ಧ್ವಜವಂದನೆ ಮಾಡಲು ಒಪ್ಪದಿದ್ದಾಗ, ೧೯೪೦ರಲ್ಲಿ ಎಂಟಕ್ಕೆ ಒಂದರಂತೆ ನ್ಯಾಯಾಲಯ ಶಾಲೆಯ ಪಕ್ಷವನ್ನು ವಹಿಸಿತು. ತೀರ್ಪಿನ ಬಳಿಕ ಆ ಪಂಥದವರ ಮೇಲೆ ಅನೇಕ ಕಡೆ ಹಲ್ಲೆಗಳು ನಡೆದವು. ಮೂರೇ ವರ್ಷಗಳಲ್ಲಿ, ೧೯೪೩ರ ಬಾರ್ನೆಟ್ ಮೊಕದ್ದಮೆಯಲ್ಲಿ, ಯುದ್ಧವಿನ್ನೂ ನಡೆಯುತ್ತಿದ್ದಾಗಲೇ, ನ್ಯಾಯಾಲಯ ತನ್ನ ತೀರ್ಪನ್ನು ತಾನೇ ಅಳಿಸಿಹಾಕಿತು. ಮೂಲಭೂತ ಹಕ್ಕುಗಳು ಚುನಾವಣೆಯ ಫಲಿತಾಂಶವನ್ನು ಅವಲಂಬಿಸತಕ್ಕವಲ್ಲವೆಂದು ನ್ಯಾಯಾಧೀಶ ಜ್ಯಾಕ್ಸನ್ ವಿವರಿಸಿದನು. ಆದರೆ ಮರುವರ್ಷವೇ ಕೊರೆಮಾಟ್ಸು ಮೊಕದ್ದಮೆಯಲ್ಲಿ, ಜಪಾನೀ ಮೂಲದವರನ್ನು ಪಶ್ಚಿಮ ಕರಾವಳಿಯಿಂದ ಹೊರದೂಡಿದ ಆಜ್ಞೆಯನ್ನು ಇದೇ ನ್ಯಾಯಾಲಯ ಸಮರ್ಥಿಸಿತು. ಸುಮಾರು ೧,೨೦,೦೦೦ ಮಂದಿ ಶಿಬಿರಗಳಲ್ಲಿ ಬಂಧಿತರಾದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪೌರರೇ. ಸರ್ಕಾರ ಕ್ಷಮೆ ಕೇಳಿದ್ದು ೧೯೮೮ರಲ್ಲಿ. ಆ ತೀರ್ಪು ತಪ್ಪೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ೨೦೧೮ರಲ್ಲಿ. ಹಕ್ಕುಗಳ ವಿಕಾಸವೆಂದರೆ ಒಂದೇ ಸಮನೆ ಏರುವ ಮೆಟ್ಟಿಲುಗಳ ಸಾಲೆಂದು ತಿಳಿಯುವವರು ೧೯೪೩ ಮತ್ತು ೧೯೪೪ರ ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು.

೫

ಅಂತರ್ಭಾವದ ತತ್ತ್ವ ಬಡವನ ಬಳಿಗೆ ಬಂದದ್ದು ಅಪರಾಧ ವಿಚಾರಣೆಯ ಮೂಲಕ. ಯಾವ ಯಾವ ಹಕ್ಕುಗಳು ರಾಜ್ಯಗಳಿಗೂ ಅನ್ವಯಿಸಬೇಕು? ೧೯೩೭ರ ಪಾಲ್ಕೋ ಮೊಕದ್ದಮೆಯಲ್ಲಿ ನ್ಯಾಯಾಧೀಶ ಕಾರ್ಡೋಜೋ, ಸುವ್ಯವಸ್ಥಿತ ಸ್ವಾತಂತ್ರ್ಯಕ್ಕೆ ಅನಿವಾರ್ಯವಾದವು ಮಾತ್ರ ಎಂದು ಉತ್ತರಿಸಿದನು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆಗೆ ಗುರಿಯಾಗದಿರುವ ಹಕ್ಕು ಅಂಥದಲ್ಲವೆಂದು ತೀರ್ಮಾನವಾಯಿತು. ಮೊದಲು ಜೀವಾವಧಿ ಶಿಕ್ಷೆ ಪಡೆದಿದ್ದ ಆ ಅಪರಾಧಿಗೆ ಎರಡನೆಯ ವಿಚಾರಣೆಯಿಂದ ಮರಣದಂಡನೆಯಾಯಿತು. ೧೯೬೯ರಲ್ಲಿ ಈ ತೀರ್ಮಾನವನ್ನು ನ್ಯಾಯಾಲಯ ಬದಲಿಸಿತು. ಆ ವೇಳೆಗೆ ಅವನು ಸತ್ತು ಮೂವತ್ತೊಂದು ವರ್ಷಗಳಾಗಿದ್ದವು. ನ್ಯಾಯಾಧೀಶ ಹ್ಯೂಗೋ ಬ್ಲ್ಯಾಕ್ ೧೯೪೭ರಲ್ಲಿ ಹಕ್ಕುಗಳ ಸನ್ನದು ಇಡಿಯಾಗಿ ರಾಜ್ಯಗಳಿಗೆ ಅನ್ವಯಿಸುತ್ತದೆಂದು ವಾದಿಸಿದನು. ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅದನ್ನು ಪ್ರಬಲವಾಗಿ ವಿರೋಧಿಸಿದನು. ಸಿದ್ಧಾಂತದಲ್ಲಿ ಬ್ಲ್ಯಾಕ್ ಎಂದೂ ಗೆಲ್ಲಲಿಲ್ಲ. ಆದರೆ ಒಂದೊಂದೇ ಹಕ್ಕು ಸೇರುತ್ತ ಹೋಗಿ ಪರಿಣಾಮದಲ್ಲಿ ಬಹುಮಟ್ಟಿಗೆ ಅವನೇ ಗೆದ್ದನು.

ಗಿಡಿಯನ್ ಎಂಬುವನ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಫ್ಲಾರಿಡ ರಾಜ್ಯದಲ್ಲಿ ೧೯೬೧ರಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ ಬಿಲಿಯರ್ಡ್ಸ್ ಆಟದ ಮನೆಯೊಂದರೊಳಕ್ಕೆ ಕಳ್ಳತನಕ್ಕಾಗಿ ನುಗ್ಗಿದನೆಂಬ ಆರೋಪ ಬಂದಿತು. ತನಗೊಬ್ಬ ವಕೀಲನನ್ನು ನೇಮಿಸಬೇಕೆಂದು ಅವನು ಕೇಳಿಕೊಂಡನು. ಮರಣದಂಡನೆಯ ಪ್ರಕರಣಗಳಲ್ಲಿ ಮಾತ್ರ ಆ ಅನುಕೂಲವುಂಟೆಂದು ನ್ಯಾಯಾಧೀಶರು ತಿಳಿಸಿದರು. ತನ್ನ ವಾದವನ್ನು ತಾನೇ ಮಂಡಿಸಿ ಸೋತು, ಐದು ವರ್ಷದ ಸಜೆಗೆ ಗುರಿಯಾದ ಗಿಡಿಯನ್ ಸೆರೆಮನೆಯಿಂದ ಪೆನ್ಸಿಲಿನಲ್ಲಿ ಅರ್ಜಿ ಬರೆದು ಸರ್ವೋಚ್ಚ ನ್ಯಾಯಾಲಯಕ್ಕೆ ಕಳುಹಿಸಿದನು. ೧೯೪೨ರ ಒಂದು ತೀರ್ಪು ಅವನಿಗೆ ಪ್ರತಿಕೂಲವಾಗಿತ್ತು. ಆದರೂ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು, ತಮ್ಮ ಅಧಿಕಾರ ಮೊಟಕಾಗುವುದೆಂದು ತಿಳಿದೂ, ಅವನ ಪರವಾಗಿ ಅಭಿಪ್ರಾಯ ಸಲ್ಲಿಸಿದವು. ೧೯೬೩ರ ಮಾರ್ಚ್‌ನಲ್ಲಿ ನ್ಯಾಯಾಲಯ ಒಮ್ಮತದಿಂದ ಅವನ ಹಕ್ಕನ್ನು ಮಾನ್ಯಮಾಡಿತು. ೧೯೪೨ರಲ್ಲಿ ಭಿನ್ನಮತ ನೀಡಿದ್ದ ಬ್ಲ್ಯಾಕನೇ ಈಗ ತೀರ್ಪು ಬರೆದನು. ಅದೇ ವರ್ಷ ಆಗಸ್ಟಿನಲ್ಲಿ, ವಕೀಲನ ಸಹಾಯದಿಂದ ನಡೆದ ಮರುವಿಚಾರಣೆಯಲ್ಲಿ ಗಿಡಿಯನ್ ನಿರ್ದೋಷಿಯೆಂದು ಬಿಡುಗಡೆಯಾದನು. ಹಕ್ಕು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಒಬ್ಬ ಮನುಷ್ಯನ ಬಾಳಿನಲ್ಲಿ ಎಷ್ಟೆಂಬುದನ್ನು ಈ ಎರಡು ವಿಚಾರಣೆಗಳು ಅಳೆದು ತೋರಿಸುತ್ತವೆ.

ಈ ಮಾರ್ಗದಲ್ಲಿಯೇ ಅಕ್ರಮ ಶೋಧನೆಯಿಂದ ದೊರೆತ ಸಾಕ್ಷ್ಯದ ನಿಷೇಧ (೧೯೬೧), ಪೊಲೀಸರು ಬಂಧಿತನಿಗೆ ಅವನ ಹಕ್ಕುಗಳನ್ನು ತಿಳಿಸಬೇಕೆಂಬ ಮಿರಾಂಡ ನಿಯಮ (೧೯೬೬), ಜ್ಯೂರಿ ವಿಚಾರಣೆ (೧೯೬೮) ಬಂದವು. ಶಸ್ತ್ರಧಾರಣೆಯ ಹಕ್ಕು ೨೦೧೦ರಲ್ಲಿ, ಮಿತಿಮೀರಿದ ಜುಲ್ಮಾನೆಯ ನಿಷೇಧ ೨೦೧೯ರಲ್ಲಿ, ಜ್ಯೂರಿಯ ಒಮ್ಮತದ ನಿಯಮ ೨೦೨೦ರಲ್ಲಿ ಸೇರಿದವು. ೧೭೯೧ರ ಕೆಲಸ ಇನ್ನೂ ಮುಗಿದಿಲ್ಲವೆನ್ನಲು ಇದೇ ಸಾಕು.

ಸಮಾನತೆಯ ವಿಷಯದಲ್ಲಿ ೧೯೫೪ರ ಮೇ ೧೭ರ ಬ್ರೌನ್ ತೀರ್ಪು ಸರ್ವವಿದಿತ. ಮುಖ್ಯ ನ್ಯಾಯಾಧೀಶ ವಾರನ್ನನ ನೇತೃತ್ವದಲ್ಲಿ ನ್ಯಾಯಾಲಯ ಒಮ್ಮತದಿಂದ, ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸಾರಿತು. ಆದರೆ ತೀರ್ಪು ತಾನಾಗಿಯೇ ಶಾಲೆಯ ಬಾಗಿಲನ್ನು ತೆರೆಯಲಿಲ್ಲ. ೧೯೫೭ರಲ್ಲಿ ಲಿಟ್ಲ್ ರಾಕ್‌ನಲ್ಲಿ ಒಂಬತ್ತು ವಿದ್ಯಾರ್ಥಿಗಳನ್ನು ಸೈನ್ಯದ ಕಾವಲಿನಲ್ಲಿ ಒಳಗೆ ಕರೆದೊಯ್ಯಬೇಕಾಯಿತು. ಖಾಸಗಿ ಹೋಟೆಲು ಅಂಗಡಿಗಳ ಭೇದಭಾವವಂತೂ ಹದಿನಾಲ್ಕನೆಯ ತಿದ್ದುಪಡಿಯ ಹೊರಗೇ ಉಳಿದಿತ್ತು. ಜನಾಂದೋಲನದ ಫಲವಾಗಿ ಬಂದ ೧೯೬೪ರ ಪೌರಹಕ್ಕುಗಳ ಕಾಯಿದೆ ಆ ಕೊರತೆಯನ್ನು ತುಂಬಿತು. ಅದಕ್ಕೆ ನ್ಯಾಯಾಲಯ ಕಂಡುಕೊಂಡ ಆಧಾರ ಅಂತರರಾಜ್ಯ ವಾಣಿಜ್ಯದ ಅಧಿಕಾರ. ನ್ಯಾಯಾಲಯ, ಶಾಸನಸಭೆ, ಬೀದಿಯ ಜನ, ಈ ಮೂರೂ ಕೂಡದೆ ಹಕ್ಕು ಕೈಗೆ ಬರುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೬

ಕಡೆಯದಾಗಿ, ಬರೆಯದೆ ಇರುವ ಹಕ್ಕುಗಳ ಪ್ರಶ್ನೆ. ೧೯೬೫ರಲ್ಲಿ ಗ್ರಿಸ್ವೋಲ್ಡ್ ಮೊಕದ್ದಮೆಯಲ್ಲಿ, ದಂಪತಿಗಳು ಗರ್ಭನಿರೋಧಕಗಳನ್ನು ಬಳಸುವುದನ್ನು ಅಪರಾಧವಾಗಿಸಿದ್ದ ಕನೆಕ್ಟಿಕಟ್ ಕಾಯಿದೆಯನ್ನು ನ್ಯಾಯಾಲಯ ಖಾಸಗಿತನದ ಹಕ್ಕಿನ ಆಧಾರದ ಮೇಲೆ ತಳ್ಳಿಹಾಕಿತು. ಖಾಸಗಿತನ ಎಂಬ ಶಬ್ದ ರಾಜ್ಯಾಂಗದಲ್ಲಿ ಎಲ್ಲಿಯೂ ಇಲ್ಲ. ಇದೇ ದಾರಿಯಲ್ಲಿ ೧೯೭೩ರ ರೋ ತೀರ್ಪು ಗರ್ಭಪಾತದ ಹಕ್ಕನ್ನು ಮಾನ್ಯಮಾಡಿತು. ೨೦೨೨ರ ಡಾಬ್ಸ್ ತೀರ್ಪು ಅದನ್ನು ಹಿಂದೆಗೆದುಕೊಂಡು ವಿಷಯವನ್ನು ಜನರ ಚುನಾಯಿತ ಪ್ರತಿನಿಧಿಗಳಿಗೆ ಒಪ್ಪಿಸಿತು. ನ್ಯಾಯಾಲಯ ತನಗಿಲ್ಲದ ಅಧಿಕಾರವನ್ನು ೧೯೭೩ರಲ್ಲಿ ಚಲಾಯಿಸಿತೆಂದು ಒಂದು ಪಕ್ಷ. ಅರ್ಧ ಶತಮಾನ ಅನುಭವಿಸಿದ ಹಕ್ಕನ್ನು ೨೦೨೨ರಲ್ಲಿ ಕಸಿಯಿತೆಂದು ಇನ್ನೊಂದು ಪಕ್ಷ. ಲಾಕ್ನರ್ ತೀರ್ಪನ್ನು ಖಂಡಿಸುವವರು ಗ್ರಿಸ್ವೋಲ್ಡನ್ನು ಹೇಗೆ ಸಮರ್ಥಿಸುವುದು ಎಂಬ ಪ್ರಶ್ನೆ ಈ ವಾದದ ತಿರುಳು. ವಿದ್ಯಾರ್ಥಿಗಳು ಎರಡೂ ಪಕ್ಷಗಳ ತರ್ಕವನ್ನು ತೂಗಿನೋಡುವುದು ಒಳ್ಳೆಯದು.

ಈ ಚರಿತ್ರೆಗೂ ನಮಗೂ ನೇರವಾದ ಸಂಬಂಧವಿದೆ. ನಮ್ಮ ರಾಜ್ಯಾಂಗ ಸಭೆಯ ಸಲಹೆಗಾರರಾಗಿದ್ದವರು ದಕ್ಷಿಣ ಕನ್ನಡದ ಬೆನಗಲ್ ಮನೆತನದ ಬಿ. ಎನ್. ರಾವ್ ಅವರು. ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಅವರು ಮೇಲೆ ಹೇಳಿದ ಫ್ರಾಂಕ್‌ಫರ್ಟರನನ್ನು ಕಂಡು ಚರ್ಚಿಸಿದರು. ಯುಕ್ತ ನ್ಯಾಯಕ್ರಮದ ಹೆಸರಿನಲ್ಲಿ ಚುನಾಯಿತ ಶಾಸನಸಭೆಯ ಕಾಯಿದೆಗಳನ್ನು ಕೆಲವೇ ನ್ಯಾಯಾಧೀಶರು ರದ್ದುಮಾಡುವುದು ಪ್ರಜಾಪ್ರಭುತ್ವಕ್ಕೆ ಒಗ್ಗದೆಂಬುದು ಅವನ ಅಭಿಪ್ರಾಯ. ಅದರ ಪ್ರಭಾವದಿಂದ ನಮ್ಮ ೨೧ನೆಯ ಅನುಚ್ಛೇದದಲ್ಲಿ ‘ಡ್ಯೂ ಪ್ರಾಸೆಸ್’ ಬದಲು ಕಾನೂನು ಸ್ಥಾಪಿಸಿದ ಕ್ರಮವೆಂಬ ಮಾತು ಬಂದಿತು. ಲಾಕ್ನರ್ ತೀರ್ಪಿನ ನೆರಳು ಹೀಗೆ ಸಾಗರವನ್ನು ದಾಟಿತು. ೧೯೫೦ರ ಗೋಪಾಲನ್ ತೀರ್ಪು ಈ ಮಾತನ್ನು ಸಂಕುಚಿತವಾಗಿ ಅರ್ಥಮಾಡಿತು. ೧೯೭೬ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಬಂಧಿತರು ನ್ಯಾಯಾಲಯದ ಮೊರೆಹೊಗುವಂತಿಲ್ಲವೆಂದು ತೀರ್ಪಾಯಿತು. ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಕಾನೂನಿನ ಕ್ರಮ ನ್ಯಾಯಯುತವೂ ಯುಕ್ತವೂ ಆಗಿರಬೇಕೆಂದು ಹೇಳಿ, ನಮ್ಮ ಸರ್ವೋಚ್ಚ ನ್ಯಾಯಾಲಯ ಬಿಟ್ಟಿದ್ದ ತತ್ತ್ವವನ್ನು ಮತ್ತೆ ತಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ೨೦೧೭ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವೂ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿ, ೧೯೭೬ರ ತೀರ್ಪನ್ನೂ ತಳ್ಳಿಹಾಕಿತು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಅಮೆರಿಕಕ್ಕೆ ಒಂದೂವರೆ ಶತಮಾನ ಬೇಕಾದ ಕೆಲಸವನ್ನು ನಮ್ಮ ರಾಜ್ಯಾಂಗ ಮೊದಲ ದಿನವೇ ಮಾಡಿತು. ನಮ್ಮ ಮೂಲಭೂತ ಹಕ್ಕುಗಳು ಕೇಂದ್ರವನ್ನೂ ರಾಜ್ಯಗಳನ್ನೂ ಸ್ಥಳೀಯ ಸಂಸ್ಥೆಗಳನ್ನೂ ಒಟ್ಟಿಗೆ ಕಟ್ಟಿಹಾಕುತ್ತವೆ. ಅಸ್ಪೃಶ್ಯತೆಯ ನಿಷೇಧವಂತೂ ಖಾಸಗಿ ಮನುಷ್ಯನನ್ನೂ ಬಿಡುವುದಿಲ್ಲ. ಬ್ಯಾರನ್ನನ ಸೋಲೂ ಕೋಲ್‌ಫ್ಯಾಕ್ಸಿನ ಅನ್ಯಾಯವೂ ನಮ್ಮ ಗ್ರಂಥದ ಅಕ್ಷರಗಳಲ್ಲಿ ಮರುಕಳಿಸುವಂತಿಲ್ಲ. ಆಚರಣೆಯ ಮಾತು ಬೇರೆ. ಅಕ್ಷರ ಸ್ಪಷ್ಟವಾಗಿದ್ದ ಮಾತ್ರಕ್ಕೆ ಹಕ್ಕು ಸಿದ್ಧಿಸದೆಂಬುದನ್ನು ೧೮೭೩ರಿಂದ ೧೯೫೪ರವರೆಗಿನ ಹದಿನಾಲ್ಕನೆಯ ತಿದ್ದುಪಡಿಯ ಕಥೆ ಸಾಕಷ್ಟು ತಿಳಿಸುತ್ತದೆ. ಆದ್ದರಿಂದ ಹಕ್ಕುಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವುದಕ್ಕೆ ಮೊದಲು, ಪ್ರತಿಯೊಂದು ಹಕ್ಕು ಯಾರಿಗೆ ಸಲ್ಲುತ್ತದೆ, ಯಾರ ವಿರುದ್ಧ ನಿಲ್ಲುತ್ತದೆ, ಅದನ್ನು ಕೊಡಿಸುವವರು ಯಾರು ಎಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವುದು ಉಚಿತವೆಂದು ನಮಗೆ ತೋರುತ್ತದೆ.